ಖೋ ಖೋ ಡ್ರಾಫ್ಟ್: ಎಳೆಯ ಆಟಗಾರರ ಮೌಲ್ಯಮಾಪನ

ವೃತ್ತಿಪರ ಖೋ ಖೋ ಲೀಗ್‌ನ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಮುನ್ನ ಎಳೆಯರ ಸಾಮರ್ಥ್ಯ ಅಳೆಯುವ ಕ್ರಮ. ಐಪಿಎಲ್ ಕ್ರಿಕೆಟ್, ಪ್ರೊ ಕಬಡ್ಡಿಗಳಲ್ಲಿ ಹರಾಜು ನಡೆಯುತ್ತದೆ. 2022ರಲ್ಲಿ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ ಮಾತ್ರ ಅಮೆರಿಕದ ಬಾಸ್ಕೆಟ್‌ಬಾಲ್‌ನಂತೆ ಡ್ರಾಫ್ಟ್ ಪದ್ಧತಿ ಹಿಡಿಯಿತು. ಆರು ತಂಡಗಳು ಸರದಿಯಂತೆ ಆರಿಸಿದವು. ಸಂಭಾವನೆ ದರ್ಜೆಗೆ ತಕ್ಕಂತೆ ಮೊದಲೇ ನಿಗದಿಯಾಗಿತ್ತು.

ಬರಿಯ ಓಟದ ವೇಗ ನೋಡಿ ಆರಿಸಿದರೆ ಮೋಸಹೋಗುವುದು ಖಚಿತ. ಬೆನ್ನಟ್ಟುವವನು ಕಂಬದ ಬಳಿ ಯಾವ ಕಾಲೂರಿ ತಿರುಗುತ್ತಾನೆ, ಡೈವ್ ಹೊಡೆಯುವ ಮುನ್ನ ಹೆಜ್ಜೆ ತಡವರಿಸುತ್ತದೆಯೇ ಎಂಬುದನ್ನು ನೋಡಬೇಕು. ತಪ್ಪಿಸಿಕೊಳ್ಳುವವನಲ್ಲಿ ದಮ್ಮಿನಷ್ಟೇ ಮುಖ್ಯ, ಎದುರಾಳಿಯ ಭುಜ ವಾಲುವ ದಿಕ್ಕನ್ನು ಮೊದಲೇ ಗ್ರಹಿಸುವ ಕಣ್ಣು. ಲೀಗ್‌ನ ನಿಯಮಗಳೂ ಲೆಕ್ಕ ಬದಲಿಸಿವೆ: ಸಾಮಾನ್ಯ ಔಟ್‌ಗೆ 2 ಅಂಕ, ಡೈವ್ ಹೊಡೆದು ಮುಟ್ಟಿದರೆ 3. ಎತ್ತ ಬೇಕಾದರೂ ಓಡಬಲ್ಲ ‘ವಜೀರ್’ ಸ್ಥಾನಕ್ಕೆ ಬೇರೆಯದೇ ಜಾಣ್ಮೆ ಬೇಕು. ಮಣ್ಣಿನ ಅಂಗಳದಲ್ಲಿ ಪಳಗಿದವರು ಲೀಗ್‌ನ ಮ್ಯಾಟ್‌ಗೆ ಒಗ್ಗುವರೇ ಎಂಬುದು ಗ್ರಾಮೀಣ ಮಕ್ಕಳ ವಿಷಯದಲ್ಲಿ ಕಠಿಣ ಪ್ರಶ್ನೆ.

ಹಾಗೆ ಒಗ್ಗಿ ಮೇಲೆ ಬಂದವರೂ ಇದ್ದಾರೆ. ಕನ್ನಡ ಮಾತಾಡುವ ಮೈಂದರ್ಗಿ, ಅಕ್ಕಲಕೋಟೆಗಳಿರುವ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಈ ಆಟ ಹೊಸದಲ್ಲ. ಇದೇ ಜಿಲ್ಲೆಯ ವೇಳಾಪುರದ ರಾಮ್‌ಜಿ ಕಶ್ಯಪ್ ಲೀಗ್‌ನಲ್ಲಿ ಚೆನ್ನೈ ಕ್ವಿಕ್ ಗನ್ಸ್ ತಂಡದ ಪರ ಆಡಿ, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ಗೆದ್ದ ಭಾರತದ ಪುರುಷರ ತಂಡದಲ್ಲಿದ್ದರು. ಲೀಗ್‌ನ ಮೊದಲ ಎರಡು ಆವೃತ್ತಿಗಳು ಪುರುಷರಿಗಷ್ಟೇ ಮೀಸಲಾಗಿದ್ದವು. ಇದು ದೊಡ್ಡ ಕೊರತೆ. ಅದೇ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಗೆದ್ದ ಭಾರತ ತಂಡದಲ್ಲಿದ್ದ ತಿ.ನರಸೀಪುರ ತಾಲ್ಲೂಕಿನ ಬಿ.ಚೈತ್ರಾ ಅಲ್ಲಿಗೆ ತಲುಪಿದ್ದು ಯಾವ ಡ್ರಾಫ್ಟ್‌ನ ನೆರವೂ ಇಲ್ಲದೆ.