ಕೀ ತಿರುಗಿಸುವ ಮೊದಲಿನ ಎರಡು ಮೈಲಿ

ದಾವಣಗೆರೆಯ ಆವರಗೆರೆಯಲ್ಲಿ ಪಿ.ಬಿ. ರಸ್ತೆಯ ಬದಿಗೆ, ಬೇವಿನ ಮರದ ನೆರಳಲ್ಲಿ ಒಂದು ಗ್ಯಾರೇಜಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ಒಂದೇ ಉಸಿರಿಗೆ ಬಂದ ಹಳೆಯ ಬುಲೆಟ್ ಅಲ್ಲಿ ನಿಂತಿತು. ಹುಡುಗ ಇಳಿಯುವ ಮುನ್ನ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ತಿರುವಿದ. ಆ ಗುಡುಗು ಇಳಿಯುವಷ್ಟರಲ್ಲೇ ಕೀ ಆಫ್ ಮಾಡಿದ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಅಂದರು: "ಹಂಗ್ಯಾಕೆ ರೇಸ್ ಕೊಟ್ಟು ಆಫ್ ಮಾಡ್ತೀಯೋ ತಮ್ಮಾ? ಓಡಿ ಬಂದ ಎತ್ತಿಗೆ ನಿಂತಲ್ಲೇ ಬಾರುಕೋಲು ಬೀಸಿದಂಗಾಯ್ತು."

ಮೇಸ್ತ್ರಿಯ ಮಾತಿನಲ್ಲಿ ನೂರು ವರ್ಷಕ್ಕೂ ಮೀರಿದ ಅನುಭವವಿದೆ. ಕೊನೆಯಲ್ಲಿ ರೇಸ್ ಕೊಟ್ಟಾಗ ಒಳಗೆ ನುಗ್ಗುವ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಬೋರಿನ ಗೋಡೆಗೆ ಅಂಟಿದ ಆಯಿಲ್ ಪದರವನ್ನು ಅದು ತೊಳೆದುಬಿಡುತ್ತದೆ. ಮರುದಿನ ಬೆಳಿಗ್ಗೆ ಕಿಕ್ಕರ್ ಒದ್ದಾಗ ಪಿಸ್ಟನ್ ರಿಂಗು ಒಣ ಗೋಡೆಯ ಮೇಲೆ ಉಜ್ಜುತ್ತದೆ. ಇದು ಕಾರ್ಬುರೇಟರ್ ಇರುವ ಪೆಟ್ರೋಲ್ ಎಂಜಿನ್‌ಗಳಿಗೆಲ್ಲ ಅನ್ವಯಿಸುವ ಮಾತು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ಓಡುವಾಗ ಹೆಡ್ಡಿನ ಎಕ್ಸಾಸ್ಟ್ ಬದಿ ಕಾದಿರುತ್ತದೆ, ಕಾರ್ಬುರೇಟರ್ ಬದಿ ತಂಪಾಗಿರುತ್ತದೆ. ಗಾಡಿ ನಿಲ್ಲಿಸಿ ಆಫ್ ಮಾಡಿದ ಕೂಡಲೇ ಗಾಳಿಯೂ ನಿಂತಿತು, ಆಯಿಲ್ ಪಂಪೂ ನಿಂತಿತು. ಆಗ ಶಾಖ ಹೊರಗೆ ಹೋಗದೆ ಒಳಗೊಳಗೇ ಹರಡುತ್ತದೆ. ಬಂದ್ ಮಾಡಿದ ಮೇಲೂ ಕೆಲವು ನಿಮಿಷ ಕಾರ್ಬುರೇಟರ್ ಬಿಸಿಯಾಗುತ್ತಲೇ ಹೋಗುವುದು ಇದರಿಂದಲೇ. ಟೀ ಕುಡಿದು ಬರುವಷ್ಟರಲ್ಲಿ ಅದರೊಳಗಿನ ಪೆಟ್ರೋಲ್ ಕುದಿದಿರುತ್ತದೆ, ಗಾಡಿ ಸ್ಟಾರ್ಟ್ ಆಗದೆ ಹಟ ಹಿಡಿಯುತ್ತದೆ.

ರೇಡಿಯೇಟರ್ ಇಲ್ಲದ ಕಾರಿನ ಕನಸು ಹಳೆಯದು. ಅಮೆರಿಕದ ಫ್ರ್ಯಾಂಕ್ಲಿನ್ ಕಂಪನಿ 1902ರಿಂದ 1934ರವರೆಗೆ ಅಂಥ ಕಾರುಗಳನ್ನೇ ಮಾಡಿತು. 1934ರಲ್ಲಿ ಚೆಕ್ ದೇಶದ ಟಾಟ್ರಾ 77 ಬಂತು, ಹಿಂಬದಿಯಲ್ಲಿ ಎಂಟು ಸಿಲಿಂಡರಿನ ಗಾಳಿ ತಂಪಿನ ಎಂಜಿನ್ ಹೊತ್ತು. ಅದರ ಬೆನ್ನಿಗೇ ಫೋಕ್ಸ್‌ವ್ಯಾಗನ್ ಬೀಟಲ್. ಬೀಟಲ್‌ನ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುತ್ತಿತ್ತು. ಆಯಿಲ್ ಕೂಲರನ್ನು ಆ ಗಾಳಿಯ ದಾರಿಯಲ್ಲೇ ಕೂರಿಸಿದ್ದರಿಂದ ಅದರ ಹಿಂದಿದ್ದ ಮೂರನೆಯ ಸಿಲಿಂಡರಿಗೆ ಬಿಸಿಗಾಳಿಯೇ ಸಿಗುತ್ತಿತ್ತು. ಮೊದಲು ಕೆಡುತ್ತಿದ್ದದ್ದೂ ಅದರ ವಾಲ್ವೇ. ಮುಂದೆ ಕೂಲರಿನ ಜಾಗವನ್ನೇ ಬದಲಿಸಬೇಕಾಯಿತು.

ಈ ವಿದ್ಯೆ ತುತ್ತತುದಿ ಮುಟ್ಟಿದ್ದು ಪೋರ್ಷೆ 911ರಲ್ಲಿ. 1963ರ ಫ್ರ್ಯಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರು 1998ರವರೆಗೂ ಗಾಳಿಯನ್ನೇ ನಂಬಿತ್ತು. ಗಾಳಿಯ ಜೊತೆಗೆ ಆಯಿಲನ್ನೂ ಅಷ್ಟೇ ನಂಬಿತ್ತು ಅನ್ನಬೇಕು. ಸಾಮಾನ್ಯ ಸಣ್ಣ ಕಾರಿಗೆ ಮೂರ್ನಾಲ್ಕು ಲೀಟರ್ ಸಾಕಾದರೆ ಇದಕ್ಕೆ ಹತ್ತು ಲೀಟರ್ ಆಸುಪಾಸು, ಮುಂದಿನ ಮಾದರಿಗಳಿಗೆ ಅದಕ್ಕೂ ಹೆಚ್ಚು. ಆಯಿಲ್ ಬೇರೆಯೇ ಟ್ಯಾಂಕಿನಲ್ಲಿರುತ್ತದೆ. ಮಟ್ಟ ನೋಡಬೇಕಾದರೆ ಕಾರು ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರಬೇಕು. ಬಂದ್ ಮಾಡಿ ಕಡ್ಡಿ ಎಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. 1970ರ ದಶಕದಿಂದ ಎಷ್ಟೋ 911ಗಳಲ್ಲಿ ಇನ್ನೊಂದು ಆಯಿಲ್ ಕೂಲರನ್ನು ಮುಂಬದಿಯ ಚಕ್ರದ ಮಡ್‌ಗಾರ್ಡ್ ಒಳಗೆ ಇಟ್ಟರು. ಮೊದಮೊದಲು ಅದಕ್ಕೆ ಫ್ಯಾನ್ ಇರಲಿಲ್ಲ. ಕಾರು ಓಡಿದರೆ ಗಾಳಿ, ನಿಂತರೆ ಇಲ್ಲ.

ಈ ಕಾರನ್ನು ಆಫ್ ಮಾಡುವ ಸರಿಯಾದ ಕ್ರಮ ಇಲ್ಲಿಂದಲೇ ಹುಟ್ಟುತ್ತದೆ. ಜೋರಾಗಿ ಓಡಿಸಿ ಬಂದು ಮನೆ ಮುಂದೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಎಂಜಿನ್ ಫ್ಯಾನು ನಿಧಾನವಾಗಿ ತಿರುಗುತ್ತದೆ, ಮುಂದಿನ ಕೂಲರಿಗೆ ಗಾಳಿಯೇ ಇಲ್ಲ, ಬಿಸಿ ಆಯಿಲಿನ ಪ್ರೆಷರ್ ತೀರಾ ಇಳಿದಿರುತ್ತದೆ. ಬದಲಿಗೆ ಕೊನೆಯ ಎರಡು ಮೈಲಿಯನ್ನು ಎಂಜಿನ್ನಿಗೆ ಭಾರ ಬೀಳದಂತೆ ಓಡಿಸಬೇಕು: ಆಕ್ಸಿಲರೇಟರ್ ಹಗುರ, ಗಾಡಿ ಮಾತ್ರ ಸರಾಗ. ಆಮೇಲೆ ಅರ್ಧ ನಿಮಿಷವೋ ಒಂದು ನಿಮಿಷವೋ ಐಡಲ್, ನಂತರ ಆಫ್. ತಣಿಸುವ ಕೆಲಸ ರಸ್ತೆಯಲ್ಲೇ ಮುಗಿದಿರಬೇಕು.

ವಿಮಾನದವರು ಇದನ್ನು ಮೊದಲೇ ಕಲಿತಿದ್ದರು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು, ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಮಾಡಿದ ಪುಷ್ಪಕ್ 1958ರಲ್ಲಿ. ಎರಡರದ್ದೂ ಗಾಳಿಯಿಂದ ತಣಿಯುವ ಪಿಸ್ಟನ್ ಎಂಜಿನ್ನೇ. ಇಂಥ ವಿಮಾನ ನೆಲಕ್ಕಿಳಿಯುವಾಗಲೇ ಎಂಜಿನ್ ಮೇಲಿನ ಭಾರ ಇಳಿದಿರುತ್ತದೆ. ರನ್‌ವೇಯಿಂದ ಶೆಡ್ಡಿಗೆ ಉರುಳುವ ಹೊತ್ತೂ ತಣಿಯಲು ಒದಗುತ್ತದೆ. ಮಿಕ್ಸ್ಚರ್ ಹಿಡಿ ಇರುವ ವಿಮಾನ ಎಂಜಿನ್ನನ್ನು ನಿಲ್ಲಿಸುವುದು ಕಿಡಿ ಕತ್ತರಿಸಿ ಅಲ್ಲ, ಇಂಧನ ಕತ್ತರಿಸಿ. ಸಿಲಿಂಡರಿನಲ್ಲಿ ಹಸಿ ಪೆಟ್ರೋಲ್ ಉಳಿಯುವುದಿಲ್ಲ, ಆಯಿಲ್ ಪದರವೂ ತೊಳೆದುಹೋಗುವುದಿಲ್ಲ. ಮೇಸ್ತ್ರಿ ಬಾರುಕೋಲಿನ ಹೋಲಿಕೆಯಲ್ಲಿ ಹೇಳಿದ್ದೂ ಇದನ್ನೇ.

ನಮ್ಮ ರಸ್ತೆಗಳ ಮೇಲೆ ಗಾಳಿ ತಂಪಿನ ಪಾಠ ಕಲಿಸಿದ್ದು ಕಾರುಗಳಲ್ಲ. ಅಂಬಾಸಿಡರ್, ಫಿಯಟ್ ಎರಡೂ ನೀರು ಕುಡಿಯುವ ಜಾತಿ. ಇಲ್ಲಿಯ ಗುರುಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ಹೊತ್ತಿಗೆ ಹೊರಬರತೊಡಗಿದ ಜಾವಾ, ಆಮೇಲಿನ ಯೆಜ್ಡಿ, ಮದ್ರಾಸಿನ ಬುಲೆಟ್ಟು, ಮುಚ್ಚಿದ ಕವಚದೊಳಗೆ ಸ್ವಂತ ಫ್ಯಾನ್ ಇಟ್ಟುಕೊಂಡಿದ್ದ ಬಜಾಜ್ ಚೇತಕ್. ಟೂ ಸ್ಟ್ರೋಕ್ ಯೆಜ್ಡಿಯಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಅದೇ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೇಸಿಗೆಯಲ್ಲಿ ಡಬಲ್ ಹೊತ್ತು ಪೂರ್ತಿ ರೇಸಿನಲ್ಲಿ ಬಂದರೆ ಪಿಸ್ಟನ್ ಬೋರಿಗೆ ಕಚ್ಚಿ ಸೀಜ್. ಸೀಜಾದ ಗಾಡಿಗೆ ರೀಬೋರ್ ಆಗಬೇಕು, ರೀಬೋರ್ ಅಂದರೆ ಕೈ ಪಳಗಿದ ಮೇಸ್ತ್ರಿ ಬೇಕು. ಆ ವಿಷಯದಲ್ಲಿ ಈ ಸೀಮೆ ಪುಣ್ಯ ಮಾಡಿತ್ತು: 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಲೋಹ ಕಾದಾಗ ಎಷ್ಟು ಹಿಗ್ಗುತ್ತದೆ ಎಂಬುದು ಕೂದಲೆಳೆಯ ಲೆಕ್ಕದಲ್ಲಿ ಗೊತ್ತಿದ್ದ ಕೈಗಳು ಇಲ್ಲಿ ತಯಾರಾದವು. ಕಾದ ಹೆಡ್ಡಿನ ಮೇಲೆ ನೀರು ಎರಚಬೇಡ ಎಂದು ನಮ್ಮನ್ನು ಗದರಿದವರೂ ಅವರೇ.

ತೋಟದ ಶೆಡ್ಡಿನ ಡೀಸೆಲ್ ಎಂಜಿನ್ನುಗಳದ್ದು ಬೇರೆ ಶಿಸ್ತು. ಫ್ಲೈವೀಲಿನ ರೆಕ್ಕೆಗಳೇ ಗಾಳಿ ಬೀಸುವ ಎಂಜಿನ್ನಿನಲ್ಲಿ ಲೋಡ್ ತೆಗೆದು, ಸ್ವಲ್ಪ ಹೊತ್ತು ಬರಿದೇ ಓಡಿಸಿ, ಆಮೇಲೆ ಡೀಸೆಲ್ ಬಂದ್ ಮಾಡುತ್ತಾರೆ. ಅಲ್ಲಿ ನಿಂತಲ್ಲೇ ಓಡಿಸುವುದು ಸರಿ, ಯಾಕೆಂದರೆ ಗಾಳಿ ಎಂಜಿನ್ನಿನ ಜೊತೆಗೇ ಇದೆ.

ಗೊಂದಲ ಶುರುವಾದದ್ದು ಟರ್ಬೊ ಬಂದ ಮೇಲೆ. 1975ರ 911 ಟರ್ಬೊದಲ್ಲಿ ಎಕ್ಸಾಸ್ಟಿನ ಬೆಂಕಿಯಂಥ ಗಾಳಿಗೆ ತಿರುಗುವ ಚಕ್ರದ ಬೇರಿಂಗನ್ನು ಆಯಿಲ್ ಒಂದೇ ಕಾಯಬೇಕಿತ್ತು. ಸಟಕ್ಕನೆ ಆಫ್ ಮಾಡಿದರೆ ಅಲ್ಲೇ ನಿಂತ ಆಯಿಲ್ ಸೀದು ಕಪ್ಪು ಹುಡಿಯಾಗುತ್ತದೆ. ನಮ್ಮ ಹೆದ್ದಾರಿಯ ಲಾರಿಗಳಿಗೂ ಟರ್ಬೊ ಬಂದಾಗ ಡ್ರೈವರುಗಳು ನಿಯಮ ಕಲಿತರು: ನಿಂತ ಮೇಲೆ ಎರಡು ಮೂರು ನಿಮಿಷ ಐಡಲ್. ಲಾರಿಗೆ ಅದು ಸರಿಯಾದ ನಿಯಮ. ಆದರೆ ಡಾಬಾದಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಕಾಲೇಜು ಹುಡುಗರಿಗೆ ಹಬ್ಬಿ ಅದು ಬುಲೆಟ್ಟಿಗೂ ಅಂಟಿಕೊಂಡಿತು. ಬುಲೆಟ್ಟಿಗೆ ಫ್ಯಾನ್ ಇಲ್ಲ, ಟರ್ಬೊ ಇಲ್ಲ. ದಾವಣಗೆರೆಯ ಬಿಸಿಲಿನಲ್ಲಿ ಅದನ್ನು ನಿಲ್ಲಿಸಿ ಐದು ನಿಮಿಷ ಐಡಲ್‌ನಲ್ಲಿ ಬಿಡುವುದು ಒಲೆಯ ಮೇಲೆ ಇಟ್ಟಂತೆಯೇ. ಒಂದು ಯಂತ್ರದ ಮದ್ದು ಇನ್ನೊಂದಕ್ಕೆ ನಂಜಾಗುವುದು ಹೀಗೆ, ಇದನ್ನು ತಿದ್ದಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲಿನ ಕಥೆ ಚಿಕ್ಕದು. ಟರ್ಬೊದ ಬೇರಿಂಗಿಗೆ ನೀರು ಬಂತು, ಸಿಂಥೆಟಿಕ್ ಆಯಿಲ್ ಬಂತು, ಕೀ ತೆಗೆದ ಮೇಲೂ ತಾನೇ ತಿರುಗುವ ಫ್ಯಾನ್ ಬಂತು. 2022ರಲ್ಲಿ ಮರಳಿ ಬಂದ ಯೆಜ್ಡಿಗೂ ರೇಡಿಯೇಟರ್ ಇದೆ. ಗಾಳಿ ತಂಪಿನ ಹಳೆಯ ಗಾಡಿ ಇಟ್ಟುಕೊಂಡವರಿಗೆ ಮಾತ್ರ ಆ ಎರಡು ಮೈಲಿಯ ಕೆಲಸ ಈಗಲೂ ತಪ್ಪಿಲ್ಲ.

ಆ ಮಧ್ಯಾಹ್ನ ಮೇಸ್ತ್ರಿ ಬುಲೆಟ್ಟನ್ನು ನೆರಳಿಗೆ ತಳ್ಳಿ, ಅಂಗೈಯನ್ನು ಫಿನ್ನುಗಳಿಂದ ಗೇಣು ದೂರ ಹಿಡಿದರು. ಟಿಕ್, ಟಿಕ್ ಎಂದು ಲೋಹ ಕುಗ್ಗುವ ಸದ್ದು. ಮೊದಲು ಅವಸರದಲ್ಲಿ, ಬರಬರುತ್ತ ಒಂದೊಂದೇ. ಹುಡುಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟಿದ್ದ. ಸದ್ದು ಪೂರ್ತಿ ನಿಂತ ಮೇಲೆ ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡರು.