ದಾಸಿಮಯ್ಯ (ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ)

ಸುರಪುರ ಸೀಮೆಯ ಮುದನೂರಿನಲ್ಲಿ ಮಗ್ಗವನ್ನೇ ಜೀವನೋಪಾಯವಾಗಿ ಉಳ್ಳವನಾಗಿದ್ದು, ಕ್ರಮೇಣ ಶಿವಭಕ್ತಿಯ ಬೋಧಕನಾಗಿ ಪ್ರಸಿದ್ಧಿವಡೆದು, ರಾಮನಾಥನೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವನು, ಆದ್ಯ ವಚನಕಾರರಲ್ಲೊಬ್ಬನು. ಇವನ ಪತ್ನಿ ದುಗ್ಗಳೆಯೂ ವಚನಕಾರ್ತಿ.

ಮರಳು ಬೆರೆತ ಅಕ್ಕಿ ಮತ್ತು ಕಬ್ಬು ಇಷ್ಟರಿಂದಲೇ ಪಾಯಸವನ್ನು ಅಟ್ಟಬಲ್ಲ ಕನ್ಯೆಯನ್ನು ವರಿಸುವೆನೆಂದು ಇವನು ಪಣವೊಡ್ಡಲು ದುಗ್ಗಳೆಯು ಅದನ್ನು ಸಾಧಿಸಿದಳೆಂಬುದೂ, ತಾನು ನೆಯ್ದ ವಸ್ತ್ರವನ್ನು ಜಂಗಮವೇಷದ ಶಿವನಿಗೆ ಅರ್ಪಿಸಿ ತವನಿಧಿಯನ್ನು (ಬರಿದಾಗದ ನಿಧಿಯನ್ನು) ಪಡೆದನೆಂಬುದೂ ಜನಪ್ರಿಯ ಐತಿಹ್ಯಗಳು. ಎರಡನೆಯದನ್ನು ಬಸವಣ್ಣನೇ ತನ್ನ ವಚನದಲ್ಲಿ ಸ್ಮರಿಸಿರುವುದರಿಂದ ಅದು ೧೨ನೆಯ ಶತಮಾನದಷ್ಟು ಹಳೆಯದೆನ್ನಬಹುದು.

ಕಾಲನಿರ್ಣಯವಾದರೋ ಅಷ್ಟು ಸುಲಭವಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನನುಸರಿಸಿ ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಕನ್ನಡ ಬಸವಪುರಾಣವೂ ದಾಸಿಮಯ್ಯನನ್ನು ಚಾಲುಕ್ಯ ಜಯಸಿಂಹನ ಅರಸಿಯಾದ ಸುಗ್ಗಲೆಯ ಗುರುವೆಂದು ಹೇಳುತ್ತವೆ. ಜಯಸಿಂಹನು ೧೧ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನಾದುದರಿಂದ, ರಾಣಿಯ ಗುರುವೂ ಮಗ್ಗದ ಕವಿಯೂ ಅಭಿನ್ನರಾದಲ್ಲಿ ವಚನಸಾಹಿತ್ಯದ ಉದಯವನ್ನು ಬಸವಣ್ಣನಿಗಿಂತ ಶತಮಾನದಷ್ಟು ಹಿಂದಕ್ಕೆ ಒಯ್ಯಬೇಕಾಗುತ್ತದೆ. ರಾಣಿಯ ಗುರುವಾದ ದೇವರ ದಾಸಿಮಯ್ಯನೇ ಬೇರೆ, ವಚನಕಾರನಾದ ಜೇಡರ ದಾಸಿಮಯ್ಯನೇ ಬೇರೆ ಎಂದು ಸಂಶೋಧಕ ಎಂ. ಚಿದಾನಂದಮೂರ್ತಿಯವರು ಪ್ರತಿಪಾದಿಸಿದರು; ಆದರೆ ನೇಕಾರ ಸಮುದಾಯದ ಅನೇಕರು ಇಬ್ಬರನ್ನೂ ಒಬ್ಬನೆಂದೇ ಭಾವಿಸಿ ಈ ಭೇದವನ್ನು ತೀವ್ರವಾಗಿ ನಿರಾಕರಿಸಿದ್ದಾರೆ.

ಈ ಪುರಾಣಗಳು ಜಯಸಿಂಹನಿಗಿಂತ ಬಹಳ ಈಚೆಗೆ ಹುಟ್ಟಿದವು, ಭಕ್ತಿಯ ಮಹಿಮೆಯನ್ನು ಸಾರುವುದೇ ಅವುಗಳ ಗುರಿ. ವಚನಗಳ ಓಲೆಯ ಪ್ರತಿಗಳಾದರೋ ಇನ್ನೂ ಈಚಿನವಾಗಿದ್ದು, ನಡುವೆ ಭಾಷೆಯು ಲಿಪಿಕಾರರ ಕೈಯಲ್ಲಿ ಮಾರ್ಪಟ್ಟಿರುವುದರಿಂದ ನುಡಿಯ ಹಳಮೆಯನ್ನು ನೆಚ್ಚಿ ಕಾಲವನ್ನು ಹೇಳುವುದು ಸಾಹಸವೇ ಸರಿ. ಬಸವಣ್ಣನ ಸ್ಮರಣೆಯಾದರೂ ಕವಿಯು ಆತನಿಗಿಂತ ಈಚಿನವನಲ್ಲವೆಂಬುದನ್ನು ಮಾತ್ರ ಸ್ಥಾಪಿಸುತ್ತದೆ. ಎಷ್ಟು ಹಿಂದಿನವನೆಂಬುದನ್ನು ತಿಳಿಸದು. ಆದಕಾರಣ ಸುಗ್ಗಲೆಯ ವೃತ್ತಾಂತವನ್ನು ಪುರಾಣದ ಸಾಕ್ಷ್ಯವೆಂದೂ ವಚನಗಳನ್ನು ಕವಿಯ ಸಾಕ್ಷ್ಯವೆಂದೂ ಬೇರೆಬೇರೆಯಾಗಿ ಇರಿಸಿಕೊಳ್ಳುವುದೇ ಯುಕ್ತ.

ಕವಿಯು ನೇಕಾರನೆಂಬುದಕ್ಕೆ ಮಾತ್ರ ಪುರಾಣದ ನೆರವು ಬೇಕಿಲ್ಲ. ಉಂಕೆಯನ್ನು (ಹಾಸುನೂಲನ್ನು) ಹಿಗ್ಗಿಸುವುದರಿಂದ ಮೊದಲ್ಗೊಂಡು ನೆಯ್ಗೆಯ ಒಂದೊಂದು ಕೆಲಸವನ್ನೂ ಕ್ರಮವಾಗಿ ಹೆಸರಿಸಿ, ಕಡೆಯಲ್ಲಿ ಸೀರೆಯ ಕರ್ತೃತ್ವವನ್ನೇ ದೈವದೊಡನೆ ಚರ್ಚೆಗೆ ತರುವ ಅವನ ವಚನವೊಂದು, ಮಗ್ಗದ ಮುಂದೆ ಕುಳಿತು ದುಡಿದವನಿಗಲ್ಲದೆ ಅನ್ಯರಿಗೆ ಸುಲಭವಾಗಿ ಸಾಧ್ಯವಾಗದು. ಬೋಧಕನಾದ ಮೇಲೆ ಕಸಬನ್ನು ತೊರೆದನೆಂಬ ಊಹೆಗೆ ಆ ವಚನದಲ್ಲಿ ಆಧಾರವಿಲ್ಲ.

೧೯೭೩ರಲ್ಲಿ ಎ. ಕೆ. ರಾಮಾನುಜನ್ ಅವರು ಬಸವಣ್ಣ, ಅಲ್ಲಮ, ಮಹಾದೇವಿಯಕ್ಕರೊಡನೆ ಇವನ ವಚನಗಳನ್ನೂ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದರು. ಕರ್ನಾಟಕ ಸರ್ಕಾರವು ಆಚರಿಸುವ ಜಯಂತಿಗೆ ದೇವರ ದಾಸಿಮಯ್ಯ ಎಂಬ ಹೆಸರೇ ಇದೆ.