ಶಾಲೆಗೆ ಬಂದ ದಾದಿ

ಶಾಲೆಗಳ ಚರಿತ್ರೆ ಬರೆಯುವವರು ಕಟ್ಟಡ ಕಟ್ಟಿಸಿದ ದಾನಿಗಳನ್ನು, ಪಠ್ಯಪುಸ್ತಕಗಳನ್ನು, ಹೆಸರಾಂತ ಮೇಷ್ಟ್ರುಗಳನ್ನು ನೆನೆಯುತ್ತಾರೆ. ಮಗುವಿನ ತಲೆಯ ಹೇನು, ಬೆರಳ ಸಂದಿಯ ಕಜ್ಜಿ, ಕೆಂಪಗೆ ಊದಿದ ಕಣ್ಣು ಇವಕ್ಕೆಲ್ಲ ಅಲ್ಲಿ ಜಾಗವಿಲ್ಲ. ಆದರೆ ಬಡವರ ಮಕ್ಕಳು ಶಾಲೆಯಿಂದ ಹೊರಗುಳಿದದ್ದು ಎಷ್ಟೋ ಸಲ ಇಂಥವುಗಳಿಂದಲೇ. 1902ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ನ್ಯೂಯಾರ್ಕ್ ನಗರದ ಶಾಲೆಗಳಿಂದ 10,567 ಮಕ್ಕಳನ್ನು ಕಾಯಿಲೆಯ ಕಾರಣಕ್ಕೆ ಮನೆಗೆ ಅಟ್ಟಲಾಯಿತು. ಮರುವರ್ಷ ಅದೇ ಸೆಪ್ಟೆಂಬರ್‌ನಲ್ಲಿ ಹೀಗೆ ಹೊರಹೋದವರು 1,101 ಮಕ್ಕಳು ಮಾತ್ರ. ಆ ಹನ್ನೆರಡು ತಿಂಗಳಲ್ಲಿ ಹೊಸ ಔಷಧವೇನೂ ಕಂಡುಹಿಡಿಯಲ್ಪಟ್ಟಿರಲಿಲ್ಲ. ಬಂದದ್ದು ಒಬ್ಬ ದಾದಿ.

ಆಗಿನ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಭಾಗವನ್ನು ನಾವು ಕಲ್ಪಿಸಿಕೊಳ್ಳಬೇಕು. ರಷ್ಯಾ, ಪೋಲೆಂಡುಗಳಿಂದ ಓಡಿಬಂದ ಯಹೂದಿಗಳು, ದಕ್ಷಿಣ ಇಟಲಿಯಿಂದ ಬಂದ ಕೂಲಿಗಳು, ಅವರಿಗಿಂತ ಮುಂಚೆ ಬಂದು ನೆಲೆಯೂರಿದ ಐರಿಷರು, ಜರ್ಮನರು. ಐದಾರು ಅಂತಸ್ತಿನ ವಠಾರಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಹಲವು ಸಂಸಾರಗಳಿಗೆ ಒಂದೇ ನಲ್ಲಿ. ಯಹೂದಿಗಳ ಮನೆಮಾತು ಯಿಡ್ಡಿಷ್. ಅದನ್ನು ಹೀಬ್ರೂ ಲಿಪಿಯಲ್ಲಿ, ನಮ್ಮ ಉರ್ದುವಿನ ಹಾಗೆಯೇ ಬಲದಿಂದ ಎಡಕ್ಕೆ ಬರೆಯುತ್ತಾರೆ. ಶಾಲೆಯ ಮಾತು ಮಾತ್ರ ಇಂಗ್ಲಿಷ್.

ಈ ನಗರದ ಶಾಲೆಗಳಲ್ಲಿ 1897ರಲ್ಲಿ ವೈದ್ಯ ತಪಾಸಣೆ ಶುರುವಾಯಿತು. ಬಾಸ್ಟನ್ ನಗರ ಅದಾಗಲೇ 1894ರಲ್ಲಿ ಹೀಗೆ ಮಾಡಿತ್ತು. ನೂರೈವತ್ತು ವೈದ್ಯರನ್ನು ನೇಮಿಸಲಾಯಿತು. ಅವರ ಕೆಲಸ ದಿನಕ್ಕೆ ಸುಮಾರು ಒಂದು ಗಂಟೆ. ಅಂಟುರೋಗವಿದ್ದ ಮಗುವನ್ನು ಹುಡುಕುವುದು, ಹೊರಗೆ ಕಳಿಸುವುದು, ಅಷ್ಟೇ. ಚಿಕಿತ್ಸೆ ಅವರ ಕೆಲಸವಲ್ಲ. ಮಗುವಿನ ಕೈಗೆ ಒಂದು ಚೀಟಿ ಸಿಗುತ್ತಿತ್ತು. ಇಂಗ್ಲಿಷಿನಲ್ಲಿ ಬರೆದ ಆ ಚೀಟಿಯನ್ನು ತಾಯಿ ಅತ್ತಿತ್ತ ತಿರುಗಿಸಿ ನೋಡುತ್ತಿದ್ದಳು. ಮನೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ, ಔಷಧಿ ಬಾಟಲಿಯ ಮೇಲೆ ಇಂಗ್ಲಿಷ್ ಕಂಡು ಬೆಳೆದ ನಮ್ಮಂಥವರಿಗೆ ಆ ತಾಯಿಯ ಮುಖವನ್ನು ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. ಚೀಟಿ ಓದಿ ಹೇಳಬೇಕಾದವನು ಅದೇ ಮಗು. ಶಾಲೆಗೆ ಹೋಗುವುದು ತಪ್ಪಿತೆಂದು ಕುಣಿಯುವ ಮಗು ಅದನ್ನು ಹೇಗೆ ಓದಿತೋ ಯಾರು ಬಲ್ಲರು? ಹೊರಹಾಕಿದ ಮಗು ಸಂಜೆ ಬೀದಿಯಲ್ಲಿ ಅದೇ ತರಗತಿಯ ಗೆಳೆಯರೊಡನೆ ಆಡುತ್ತಿತ್ತು. ರೋಗ ಹರಡುವುದೂ ನಿಲ್ಲಲಿಲ್ಲ, ಪಾಠವೂ ಸಿಗಲಿಲ್ಲ.

ಕೆಲವು ರೋಗಗಳ ಹೆಸರು ಕೇಳಿದರೇ ಆ ಜನ ನಡುಗುತ್ತಿದ್ದರು. ರೆಪ್ಪೆಯ ಒಳಗೆ ಕಾಳಿನಂತೆ ಗುಳ್ಳೆ ಏಳುವ ಟ್ರಕೋಮಾ ಅಂಥದು. ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ರೆಪ್ಪೆ ಮಗುಚಿ ನೋಡುತ್ತಿದ್ದರು. ಟ್ರಕೋಮಾ ಕಂಡರೆ ಬಂದ ಹಡಗಿನಲ್ಲೇ ವಾಪಸು. ಸಂಸಾರಗಳು ಅಲ್ಲಿಯೇ ಇಬ್ಭಾಗವಾದವು. ಆ ದ್ವೀಪವನ್ನು ದಾಟಿ ಬಂದ ತಾಯಿ ತನ್ನ ಮಗುವಿನ ರೆಪ್ಪೆಯನ್ನು ಶಾಲೆಯಲ್ಲಿ ಮತ್ತೊಬ್ಬ ಸರ್ಕಾರಿ ವೈದ್ಯ ಮಗುಚಿದನೆಂದು ಕೇಳಿದಾಗ ಅದನ್ನು ಆರೋಗ್ಯ ಸೇವೆ ಎಂದು ತಿಳಿಯಬೇಕಿತ್ತೆ?

ಇಲ್ಲಿ ಲಿಲಿಯನ್ ವಾಲ್ಡ್ ಎಂಬ ಹೆಣ್ಣುಮಗಳ ಮಾತು ಬರುತ್ತದೆ. 1867ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ, ಅನುಕೂಲವಂತ ಜರ್ಮನ್ ಯಹೂದಿ ಮನೆತನದ ದಾದಿ. ವೈದ್ಯ ಶಿಕ್ಷಣಕ್ಕೆಂದು ಸೇರಿದ್ದವರು 1893ರಲ್ಲಿ ವಲಸೆ ಹೆಂಗಸರಿಗೆ ಮನೆ ಶುಶ್ರೂಷೆಯ ಪಾಠ ಹೇಳುತ್ತಿದ್ದಾಗ ಒಬ್ಬ ಪುಟ್ಟ ಹುಡುಗಿ ಬಂದು, ತನ್ನ ತಾಯಿಗೆ ಹುಷಾರಿಲ್ಲವೆಂದು ಕರೆದೊಯ್ದಳು. ಆ ಮನೆಯ ಸ್ಥಿತಿ ಕಂಡ ವಾಲ್ಡ್ ಓದು ಬಿಟ್ಟರು. ಗೆಳತಿ ಮೇರಿ ಬ್ರೂಸ್ಟರ್ ಜೊತೆ ಅದೇ ಬಡಾವಣೆಯಲ್ಲಿ, ಐದು ಮಹಡಿ ಮೆಟ್ಟಿಲು ಹತ್ತಿ ಹೋಗಬೇಕಾದ ಮನೆಯೊಂದರಲ್ಲಿ ವಾಸಕ್ಕೆ ನಿಂತರು. 1895ರಲ್ಲಿ ಹೆನ್ರಿ ಬೀದಿಯ ಮನೆಗೆ ಬಂದರು. ಮುಂದೆ ಆ ಸಂಸ್ಥೆಗೆ ಬೀದಿಯ ಹೆಸರೇ ನಿಂತಿತು. ರೋಗಿಗಳ ನೆರೆಯಲ್ಲೇ ಬದುಕುವ ದಾದಿಯರು ಎಂಬುದೇ ಅದರ ಹೊಸತನ.

ವಾಲ್ಡ್ ತಮ್ಮ ಪುಸ್ತಕದಲ್ಲಿ ಲೂಯಿಸ್ ಎಂಬ ಹುಡುಗನ ವಿಚಾರ ಹೇಳಿದ್ದಾರೆ. ಹನ್ನೆರಡು ವರ್ಷವಾದರೂ ಅವನು ಒಂದು ದಿನವೂ ಶಾಲೆಯಲ್ಲಿ ಕೂತವನಲ್ಲ. ತಲೆಯಲ್ಲಿ ಹುಣ್ಣು. ಹೋದಾಗಲೆಲ್ಲ ವಾಸಿ ಮಾಡಿಕೊಂಡು ಬಾ ಎಂದು ಹಿಂದೆ ಕಳಿಸಿದರು. ವಾಸಿ ಮಾಡುವ ದಾರಿ ಯಾರೂ ಹೇಳಲಿಲ್ಲ. ಔಷಧಾಲಯದ ಮುಲಾಮನ್ನೇ ವಾಲ್ಡ್ ಕ್ರಮವಾಗಿ ಹಚ್ಚಿದರು, ಹುಣ್ಣು ಮಾಯಿತು. ಸೆಪ್ಟೆಂಬರ್‌ನಲ್ಲಿ ಶಾಲೆಗೆ ಸೇರಿದ ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ ಆ ಐದೂ ಮಹಡಿ ಓಡಿ ಹತ್ತಿ ಬಂದು, ಬೆಳಗ್ಗೆ ಕಲಿತ ಪದಗಳ ಅಕ್ಷರ ಒಪ್ಪಿಸಿದನಂತೆ. ಹನ್ನೆರಡು ವರ್ಷ ಅವನನ್ನು ತಡೆದಿದ್ದು ಅಕ್ಕರೆಯಿಂದ ಹಚ್ಚಬೇಕಿದ್ದ ಒಂದು ಮುಲಾಮು!

1902ರಲ್ಲಿ ತಪಾಸಣೆ ಬಿಗಿಯಾಗಿ, ಸಾವಿರಾರು ಮಕ್ಕಳು ಹೊರಬಿದ್ದಾಗ ವಾಲ್ಡ್ ನಗರದ ಆರೋಗ್ಯಾಧಿಕಾರಿ ಅರ್ನ್ಸ್ಟ್ ಲೆಡರ್ಲೆಯವರ ಮುಂದೆ ಒಂದು ಸಲಹೆ ಇಟ್ಟರು. ಒಂದು ತಿಂಗಳ ಮಟ್ಟಿಗೆ ನಮ್ಮ ಒಬ್ಬ ದಾದಿಯನ್ನು ಕೊಡುತ್ತೇವೆ. ಪ್ರಯೋಗ ಗೆದ್ದರೆ ಮುಂದೆ ಸಂಬಳ ಸಾರ್ವಜನಿಕ ಹಣದಿಂದ ಬರುವಂತೆ ನೀವು ನೋಡಿಕೊಳ್ಳಬೇಕು. ದಾನ ಬೇಡುವವರ ಮಾತಲ್ಲ ಇದು, ಚೆನ್ನಾಗಿ ವ್ಯವಹಾರ ಬಲ್ಲವರ ಮಾತು. ಬಡವರ ಮಕ್ಕಳ ಆರೋಗ್ಯ ಯಾರದೋ ಪುಣ್ಯದ ಬಾಬತ್ತಾಗಿ ಉಳಿಯಬಾರದೆಂದು ಅವರಿಗೆ ಗೊತ್ತಿತ್ತು. ಶಾಲೆಗೆ ದಾದಿ ಹೋಗುವುದು ಅವರದೇ ಕಲ್ಪನೆಯೇನಲ್ಲ. ಲಂಡನ್ನಿನಲ್ಲಿ 1892ರಲ್ಲೇ ಏಮಿ ಹ್ಯೂಸ್ ಎಂಬವರು ಡ್ರೂರಿ ಲೇನ್ ಬಳಿಯ ಶಾಲೆಗೆ ಹೋಗತೊಡಗಿದ್ದರು. ಆದರೆ ಅದನ್ನು ನಗರಾಡಳಿತದ ಹೆಗಲಿಗೆ ಕಟ್ಟಲು ಹೊರಟಿದ್ದು ವಾಲ್ಡ್ ಅವರ ಜಾಣತನ.

ಕೆನಡಾದ ಒಂಟಾರಿಯೋದವರಾದ ಲಿನಾ ರೋಜರ್ಸ್ 1902ರ ಅಕ್ಟೋಬರ್ 1ರಂದು ಕೆಲಸ ಶುರುಮಾಡಿದರು. ನಾಲ್ಕು ಶಾಲೆ, ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು, ಒಬ್ಬರೇ ದಾದಿ. ಪ್ರತ್ಯೇಕ ಕೋಣೆಯೆಲ್ಲಿ ಬರಬೇಕು, ಸಿಕ್ಕ ಮೂಲೆಯೇ ದವಾಖಾನೆ. ಕಣ್ಣು ತೊಳೆಯುವುದು, ಹುಳುಕಡ್ಡಿಗೆ ಔಷಧಿ, ಹುಣ್ಣಿಗೆ ಪಟ್ಟಿ. ಅಷ್ಟಾದ ಕೂಡಲೇ ಮಗು ತರಗತಿಗೆ ವಾಪಸು. ಶಾಲೆ ಮುಗಿದ ಮೇಲೆ ಮನೆಮನೆಯ ಮೆಟ್ಟಿಲು. ಆ ಮನೆಗಳಲ್ಲಿ ಅವರು ಕಂಡದ್ದು ವೈದ್ಯರ ಪಟ್ಟಿಯಲ್ಲಿ ಇಲ್ಲದ ಕಾರಣಗಳನ್ನು. ಬೂಟಿಲ್ಲವೆಂದು ಉಳಿದ ಮಗು. ಉಡಲಿಲ್ಲದೆ, ಉಣ್ಣಲಿಲ್ಲದೆ ಉಳಿದ ಮಗು. ತಾಯಿ ದುಡಿಯಲು ಹೋದಳೆಂದು ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಹೊತ್ತು ಕೂತ ಹುಡುಗಿ. ತಾಯಿಗೆ ಏನು ಮಾಡಬೇಕೆಂದು ಬರೀ ಹೇಳದೆ, ಎದುರಿಗೇ ಮಾಡಿ ತೋರಿಸುವುದು ದಾದಿಯ ಕ್ರಮ. ಕೈಯ ಭಾಷೆಗೆ ತರ್ಜುಮೆ ಬೇಕಿಲ್ಲವಲ್ಲ.

ತಿಂಗಳು ಮುಗಿಯುವುದರಲ್ಲಿ ಫಲ ಕಾಣಿಸಿತು. ಡಿಸೆಂಬರ್‌ನಲ್ಲಿ ಇನ್ನೂ ಹನ್ನೆರಡು ದಾದಿಯರು ಬಂದರು, ನಗರಾಡಳಿತ 30,000 ಡಾಲರ್ ಮಂಜೂರು ಮಾಡಿತು. ಉಳಿದದ್ದು ನಾವು ಮೊದಲೇ ಹೇಳಿದ ಅಂಕಿ.

ಕತೆ ಇಲ್ಲಿಗೇ ಮುಗಿದಿದ್ದರೆ ಇದೊಂದು ಸುಲಭದ ಸುಖಾಂತ್ಯವಾಗುತ್ತಿತ್ತು. 1906ರ ಜೂನ್ ಕೊನೆಯ ವಾರದಲ್ಲಿ ಅದೇ ಬಡಾವಣೆಯ ಸಾವಿರಾರು ತಾಯಂದಿರು ಶಾಲೆಗಳ ಮೇಲೆ ಏರಿಹೋದರು. ಕಲ್ಲು ತೂರಿದರು, ಕಿಟಕಿ ಗಾಜು ಒಡೆದರು, ಮಕ್ಕಳನ್ನು ಹೊರಗೆ ಬಿಡಿ ಎಂದು ಬೊಬ್ಬೆ ಹಾಕಿದರು. ಪೊಲೀಸರು ಬಂದರು. ಆದದ್ದೇನೆಂದರೆ, ಶಾಲೆಯೊಂದರಲ್ಲಿ ಆಸ್ಪತ್ರೆಯ ವೈದ್ಯರನ್ನು ಕರೆಸಿ, ಮೂಗಿನ ಹಿಂಭಾಗದಲ್ಲಿ ಬೆಳೆಯುವ ಅಡೆನಾಯ್ಡ್ ಗಂಟುಗಳನ್ನು ಮಕ್ಕಳಿಗೆ ಅಲ್ಲೇ ಕತ್ತರಿಸಿ ತೆಗೆಸಿದ್ದರು. ಉದ್ದೇಶ ಕೆಟ್ಟದ್ದಲ್ಲ, ಆಸ್ಪತ್ರೆಗೆ ಒಯ್ಯಲು ಆ ತಂದೆತಾಯಿಗಳಿಗೆ ಪುರಸೊತ್ತೂ ಇಲ್ಲ, ಹಣವೂ ಇಲ್ಲ. ಒಪ್ಪಿಗೆಯ ಚೀಟಿಗೆ ಸಹಿಯೂ ಆಗಿತ್ತು. ಸಹಿ ಯಾತಕ್ಕೆಂಬುದು ಹಲವರಿಗೆ ತಿಳಿದಿರಲಿಲ್ಲ. ಬಾಯಲ್ಲಿ ರಕ್ತ ತುಂಬಿಕೊಂಡು ಮಕ್ಕಳು ಮನೆಗೆ ಬಂದರು. ಶಾಲೆಯಲ್ಲಿ ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ ಎಂಬ ಸುದ್ದಿ ಬೀದಿಬೀದಿ ಹಬ್ಬಿತು, ಇಟಾಲಿಯನ್ನರ ಕೇರಿಗಳಿಗೂ ಮುಟ್ಟಿತು.

ಆಗಿನ ಪತ್ರಿಕೆಗಳು ಇದನ್ನು ವಲಸಿಗರ ಮೌಢ್ಯವೆಂದು ನಕ್ಕವು. ನಮಗೆ ಹಾಗೆ ಅನಿಸುವುದಿಲ್ಲ. ಅದೇ ಜೂನ್ ನಡುವಿನಲ್ಲಿ ರಷ್ಯಾ ಸಾಮ್ರಾಜ್ಯದ ಬಿಯಾಲಿಸ್ಟಾಕ್ ಪಟ್ಟಣದಲ್ಲಿ ಯಹೂದಿಗಳ ಕೊಲೆ ನಡೆದಿತ್ತು. ಸುದ್ದಿ ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆಗಳಲ್ಲಿ ತುಂಬಿತ್ತು. ತಮ್ಮ ಜನರ ಕೊಲೆಯ ವಾರ್ತೆ ಓದಿ ಅತ್ತ ತಾಯಿ, ಎರಡೇ ವಾರದಲ್ಲಿ ಮಗನ ಬಾಯಲ್ಲಿ ರಕ್ತ ಕಂಡರೆ ಏನೆಂದುಕೊಂಡಾಳು? ಉತ್ತರಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ 2000ದ ದಶಕದಲ್ಲಿ ಪೋಲಿಯೋ ಹನಿ ಹಾಕಿದರೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಹಬ್ಬಿದಾಗಲೂ ಹೀಗೇ ನಗುವವರಿದ್ದರು. ಅಲ್ಲಿ ಬಾಗಿಲು ತೆರೆಸಿದ್ದು ನಗುವವರಲ್ಲ, ಅದೇ ಗಲ್ಲಿಯ ಹೆಂಗಸರು, ಮಸೀದಿಯ ಇಮಾಮರು. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದು.

ಇಷ್ಟು ಹೇಳಿದ ಮೇಲೆ ದಾದಿಯರ ಕಡೆಗೂ ಒಂದು ಮಾತು ಹೇಳಬೇಕು. ಆ ಕಾಲದ ಅಮೆರಿಕದಲ್ಲಿ ಶುಚಿತ್ವ ಕಲಿಸುವುದೆಂದರೆ ಅಮೆರಿಕನ್ನರನ್ನಾಗಿ ಮಾಡುವುದೂ ಆಗಿತ್ತು. ಹೇನು ತೆಗೆಯುವ ಕೈ ಜೊತೆಗೇ ಅಡಿಗೆ, ಉಡುಪು, ಕೂಸು ಸಾಕುವ ರೀತಿಗಳನ್ನೂ ತಿದ್ದಲು ಹೊರಡುತ್ತಿತ್ತು. ಎಲ್ಲಿ ಆರೋಗ್ಯ ಮುಗಿದು ಎಲ್ಲಿ ಅಹಂಕಾರ ಶುರುವಾಗುತ್ತದೆ ಎಂಬ ಗೆರೆ ಎಲ್ಲರಿಗೂ ಕಾಣುತ್ತಿರಲಿಲ್ಲ. ವಾಲ್ಡ್‌ಗೆ ಸ್ವಲ್ಪ ಕಂಡಿತ್ತೆನ್ನಬೇಕು. 1906ರಲ್ಲಿ ಅವರು ಎಲಿಜಬೆತ್ ಟೈಲರ್ ಎಂಬ ಕರಿಯ ದಾದಿಯನ್ನು ಹೆನ್ರಿ ಬೀದಿಗೆ ಸೇರಿಸಿಕೊಂಡರು. ಟೈಲರ್ ಕರಿಯರೇ ಹೆಚ್ಚಾಗಿದ್ದ ಸ್ಯಾನ್ ಹುವಾನ್ ಹಿಲ್‌ಗೆ ಹೋಗಿ, ಕಟ್ಟಡಗಳ ಕಾವಲುಗಾರರನ್ನು ವಿಚಾರಿಸಿ ವಿಚಾರಿಸಿಯೇ ರೋಗಿಗಳನ್ನು ಹುಡುಕಿದರು. ಮುಂದೆ ಅಲ್ಲೇ ಒಂದು ಶಾಖೆ ಬೆಳೆಯಿತು. ಲಿನಾ ರೋಜರ್ಸ್ 1910ರಲ್ಲಿ ಟೊರಾಂಟೊಗೆ ಹೋಗಿ ಅಲ್ಲಿಯೂ ಶಾಲಾ ದಾದಿಯರ ಪಡೆ ಕಟ್ಟಿದರು. 1917ರಲ್ಲಿ ಈ ಕೆಲಸದ ಬಗ್ಗೆ ಪುಸ್ತಕ ಬರೆದರು.

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. ಮೂವತ್ತೇಳು ವರ್ಷಗಳ ಬಳಿಕ, 1946ರಲ್ಲಿ, ಭೋರ್ ಸಮಿತಿ ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆಂದೇ ಹೇಳಬೇಕಾದ ಸ್ಥಿತಿಯನ್ನು ದಾಖಲಿಸಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ವರ್ಷಕ್ಕೊಮ್ಮೆ ತಂಡ ಬರುತ್ತದೆ: ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿ ಕೊಡುವವರು. ದೋಷ ಕಂಡ ಮಗುವನ್ನು ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಅಲ್ಲಿ ಚಿಕಿತ್ಸೆ ಉಚಿತ. ಸಣ್ಣ ಕೆಲಸವಲ್ಲ ಇದು. ಹೃದಯದ ರಂಧ್ರದಂಥ ದೋಷಗಳೂ ಹೀಗೆ ಪತ್ತೆಯಾಗುತ್ತವೆ. ತಂಡ ಮಾತ್ರ ಮುಂದಿನ ಶಾಲೆಗೆ ಹೋಗಬೇಕು. ಬರೆದುಕೊಟ್ಟದ್ದನ್ನು ಹಿಡಿದು, ಬೀಡಿ ಕಟ್ಟುವ ಒಬ್ಬ ತಾಯಿ ಒಂದು ದಿನದ ಮಜೂರಿ ಬಿಟ್ಟು, ಬಸ್ಸು ಹಿಡಿದು ಜಿಲ್ಲಾಸ್ಪತ್ರೆಗೆ ಹೊರಡುತ್ತಾಳೋ ಇಲ್ಲವೋ ಎಂಬುದು ಆಕೆಗೆ ಅದನ್ನು ಯಾರು ಓದಿ ಹೇಳಿದರು, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನೂ ಹೊಂದಿಕೊಂಡಿದೆ.